ಫ್ರೆಂಚರ ಕಜ್ಜಾಯ

ಪಾಕಶಾಸ್ತ್ರದ ವಿಚಾರವಾಗಿ ಮಾತನಾಡತಕ್ಕವರಿಗೆ ಒಂದು ತೊಂದರೆಯುಂಟು. ಹಸಿದವರು ಕೇಳಿದರೆ ಅವರಿಗೆ ಸಂಕಟ. ಉಂಡವರು ಕೇಳಿದರೆ ಅವರಿಗೆ ನಿದ್ರೆ. ಈ ಎರಡು ಅಪಾಯಗಳನ್ನೂ ಅರಿತೇ ನಾವು ಈ ಸಂಜೆ ಶ್ರೋತೃಗಳನ್ನು ಫ್ರಾನ್ಸು ದೇಶದ ಎಣ್ಣೆಯ ಬಾಣಲೆಯ ಬಳಿಗೆ ಕರೆದೊಯ್ಯಬೇಕೆಂದಿದ್ದೇವೆ.

ಫ್ರೆಂಚರ ಅಡಿಗೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ದೊಡ್ಡ ಹೋಟೆಲುಗಳು, ಎತ್ತರವಾದ ಬಿಳಿಯ ಟೋಪಿಯ ಬಾಣಸಿಗರು, ಉಚ್ಚರಿಸಲು ಬಾರದ ಹೆಸರುಗಳ ಊಟದ ಪಟ್ಟಿ. ಇದು ಸುಳ್ಳಲ್ಲ. ಆದರೆ ಒಂದು ಜನಾಂಗದ ಅಡಿಗೆಯನ್ನು ಅದರ ಅರಮನೆಗಳಿಂದ ಮಾತ್ರ ಅಳೆಯುವುದು, ಒಂದು ಭಾಷೆಯನ್ನು ಅದರ ಬಿನ್ನವತ್ತಳೆಗಳಿಂದ ಮಾತ್ರ ಅಳೆದಂತೆ. ಹಿಟ್ಟು, ಮೊಟ್ಟೆ, ಒಂದಿಷ್ಟು ಸಕ್ಕರೆ, ಕಾದ ಜಿಡ್ಡು—ಇಷ್ಟರಿಂದಲೇ ಆಗತಕ್ಕ ಒಂದು ಭಕ್ಷ್ಯ ಫ್ರಾನ್ಸಿನ ರೈತರ ಮನೆಗಳಲ್ಲಿಯೂ ಪೇಟೆಯ ಬೀದಿಗಳಲ್ಲಿಯೂ ನೂರಾರು ವರ್ಷಗಳಿಂದ ನಡೆದು ಬಂದಿದೆ. ಅದಕ್ಕೆ ‘ಬೆನ್ಯೆ’ ಎಂದು ಹೆಸರು. ಕಜ್ಜಾಯವೆಂದು ಕನ್ನಡಿಸಿದರೆ ತಪ್ಪಾಗಲಾರದು. ಇದರ ಕಥೆಯನ್ನು ಹೇಳುತ್ತ ನಾವು ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕೆಂದಿದ್ದೇವೆ: ತಿಂಡಿಯ ರುಚಿ ಬಾಣಲೆಯಲ್ಲಿ ಮಾತ್ರವೇ ಇದೆಯೋ, ಅಥವಾ ಅದನ್ನು ತಿನ್ನತಕ್ಕ ದಿನದಲ್ಲಿಯೂ ಇದೆಯೋ?

ಮೊದಲು ಹೆಸರಿನ ವಿಚಾರ. ಹಳೆಯ ಫ್ರೆಂಚಿನಲ್ಲಿ ಪೆಟ್ಟು ಬಿದ್ದ ಕಡೆ ಏಳುವ ಬುಗುಟಿಗೆ ಒಂದು ಮಾತುಂಟು. ಬೆನ್ಯೆ ಎಂಬುದು ಆ ಮಾತಿನಿಂದ ಹುಟ್ಟಿದುದು. ಊದಿಕೊಂಡದ್ದು ಎಂದು ತಾತ್ಪರ್ಯ. ಹೆಸರಿಟ್ಟವರು ಬಾಣಲೆಯನ್ನು ಚೆನ್ನಾಗಿ ನೋಡಿದವರೇ ಸರಿ. ಎಣ್ಣೆಗೆ ಬಿದ್ದ ಹಿಟ್ಟು ಮುಳುಗಿ, ಎದ್ದು, ಊದಿ, ಹೊಂಬಣ್ಣಕ್ಕೆ ತಿರುಗುವ ಆ ಗಳಿಗೆಯೇ ಈ ಭಕ್ಷ್ಯದ ಪ್ರಾಣ.

ಬೆನ್ಯೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸೇಬಿನ ಬಿಲ್ಲೆಯನ್ನೋ ತರಕಾರಿಯ ಹೋಳನ್ನೋ ಹೂವಿನ ಗೊಂಚಲನ್ನೋ ತೆಳುಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನಮ್ಮ ಬೋಂಡದ ಕ್ರಮವೇ. ಇನ್ನೊಂದರಲ್ಲಿ ಒಳಗೆ ಬೇರೆ ಏನೂ ಇಲ್ಲ. ನಾದಿದ ಹಿಟ್ಟೇ ಭಕ್ಷ್ಯ. ಇಂಥ ಭಕ್ಷ್ಯಗಳು ಫ್ರೆಂಚರಿಗೆ ಮಾತ್ರ ಸೇರಿದುವಲ್ಲ. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ರೋಮಿನ ಕೇಟೋ ಎಂಬಾತನು ತನ್ನ ಕೃಷಿಗ್ರಂಥದಲ್ಲಿ, ಗಿಣ್ಣು ಹಿಟ್ಟುಗಳನ್ನು ಉಂಡೆಮಾಡಿ ಜಿಡ್ಡಿನಲ್ಲಿ ಕರಿದು, ಜೇನುತುಪ್ಪ ಸವರಿ, ಗಸಗಸೆ ಉದುರಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಫ್ರೆಂಚರಿಗೆ ವಿಶೇಷವಾದುದು ಕರಿಯುವ ವಿದ್ಯೆಯಲ್ಲ. ಕರಿಯುವುದಕ್ಕೆ ಅವರು ಗೊತ್ತುಮಾಡಿಕೊಂಡ ಕಾಲ.

ಆ ಕಾಲ ಯಾವುದು? ಕ್ರೈಸ್ತರಲ್ಲಿ ಈಸ್ಟರ್ ಹಬ್ಬಕ್ಕೆ ಮೊದಲು 40 ದಿನಗಳ ವ್ರತಕಾಲವುಂಟು. ಫ್ರೆಂಚಿನಲ್ಲಿ ಅದನ್ನು ‘ಕಾರೆಂ’ ಎನ್ನುತ್ತಾರೆ. ಮಧ್ಯಯುಗದಲ್ಲಿ ಈ ವ್ರತ ಬಹು ಕಠಿಣವಾಗಿತ್ತು. ಮಾಂಸವಷ್ಟೇ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆ, ಪ್ರಾಣಿಗಳ ಕೊಬ್ಬು ಎಲ್ಲವೂ ನಿಷಿದ್ಧ. ವ್ರತ ಮೊದಲಾಗುವುದು ಒಂದು ಬುಧವಾರ. ಅದರ ಹಿಂದಿನ ದಿನಕ್ಕೆ ‘ಮಾರ್ದಿ ಗ್ರಾ’, ಅಂದರೆ ಜಿಡ್ಡಿನ ಮಂಗಳವಾರ, ಎಂದು ಹೆಸರು. ಈಸ್ಟರಿಗೆ ಸರಿಯಾಗಿ 47 ದಿನ ಮುಂಚೆ ಬರುವ ಈ ಮಂಗಳವಾರ ಫೆಬ್ರವರಿ 3ರಿಂದ ಮಾರ್ಚಿ 9ರವರೆಗೆ ಯಾವ ದಿನವಾದರೂ ಆಗಬಹುದು.

ಈಗ ಒಬ್ಬ ರೈತ ಗೃಹಿಣಿಯ ಉಗ್ರಾಣವನ್ನು ನೆನೆಯೋಣ. ಚಳಿಗಾಲದಲ್ಲಿ ಹಂದಿಯನ್ನು ಕೊಯ್ದು ಕೊಬ್ಬನ್ನು ಕರಗಿಸಿ ಜಾಡಿಗಳಲ್ಲಿ ತುಂಬಿದ್ದಾಳೆ. ಹಗಲು ಬೆಳೆಯುತ್ತ ಬಂದಂತೆ ಕೋಳಿಗಳು ಮತ್ತೆ ಮೊಟ್ಟೆಯಿಡತೊಡಗಿವೆ. ನಾಳೆಯಿಂದ ಇವು ಯಾವುದನ್ನೂ ಮುಟ್ಟುವಂತಿಲ್ಲ. ಇಟ್ಟರೆ ಕೆಡುತ್ತದೆ, ಚೆಲ್ಲಲು ಮನಸ್ಸು ಬಾರದು. ಹೀಗಿರಲು ಆಕೆ ಮಾಡತಕ್ಕದ್ದೇನು? ಮೊಟ್ಟೆಗಳನ್ನು ಹಿಟ್ಟಿಗೆ ಒಡೆದು, ಕೊಬ್ಬನ್ನು ಬಾಣಲೆಗೆ ಸುರಿದು, ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವುದು. ಫ್ರೆಂಚರ ಕಜ್ಜಾಯ ಹಬ್ಬದ ತಿಂಡಿಯಾದುದು ಭೋಗಲಾಲಸೆಯಿಂದಲ್ಲ, ಮಿತವ್ಯಯದಿಂದ.

ಈ ಎರಡು ಕಾಲಗಳ ಜಗಳವನ್ನು ಒಂದು ಚಿತ್ರದಲ್ಲಿ ಕಾಣಬಹುದು. ಫ್ರಾನ್ಸಿನ ನೆರೆಯ ಸೀಮೆಯಾದ ಫ್ಲಾಂಡರ್ಸಿನ ಪೀಟರ್ ಬ್ರೂಗೆಲ್ ಎಂಬ ಚಿತ್ರಕಾರ 1559ರಲ್ಲಿ ಅದನ್ನು ಬರೆದ. ಒಂದು ಕಡೆ ಪೀಪಾಯಿಯ ಮೇಲೆ ಕುಳಿತ ದಢೂತಿ ಹಬ್ಬ. ಕೈಯಲ್ಲಿ ಮಾಂಸ ಚುಚ್ಚಿದ ಸಲಾಕಿ. ಎದುರಿಗೆ ಬಡಕಲು ವ್ರತ. ಅದರ ಆಯುಧ ಎರಡು ಒಣಮೀನನ್ನಿಟ್ಟ ಮೊರಪಟ್ಟೆ. ಸುತ್ತಲೂ ಊರಿನ ಜನ. ಇಂದು ವಿಯೆನ್ನಾ ನಗರದ ಚಿತ್ರಶಾಲೆಯಲ್ಲಿರುವ ಈ ಚಿತ್ರದಲ್ಲಿ ಯಾರು ಗೆದ್ದರೆಂದು ಚಿತ್ರಕಾರನು ಹೇಳುವುದಿಲ್ಲ. ಇಬ್ಬರೂ ಒಂದೇ ಊರಿನವರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಅರ್ಥವಿಲ್ಲ.

ವ್ರತ ಎಷ್ಟು ಭಾರವಾಗಿತ್ತೆಂಬುದಕ್ಕೆ ನಾರ್ಮಂಡಿಯ ರೂಆಂ ನಗರದ ಮಹಾ ದೇವಾಲಯದಲ್ಲಿ ಒಂದು ಕಲ್ಲಿನ ಸಾಕ್ಷ್ಯವಿದೆ. ಅದರ ಗೋಪುರಗಳಲ್ಲೊಂದಕ್ಕೆ ‘ಬೆಣ್ಣೆಯ ಗೋಪುರ’ ಎಂದೇ ಹೆಸರು. ದಕ್ಷಿಣದವರಿಗೆ ಆಲಿವ್ ಎಣ್ಣೆ ಇದ್ದಿತು, ಅದಕ್ಕೆ ನಿಷೇಧವಿರಲಿಲ್ಲ. ನಾರ್ಮಂಡಿಯಲ್ಲಿ ಆಲಿವ್ ಬೆಳೆಯದು. ಬೆಣ್ಣೆ ಬಿಟ್ಟರೆ ಗತಿಯಿಲ್ಲ. ವ್ರತಕಾಲದಲ್ಲಿ ಬೆಣ್ಣೆ ತಿನ್ನಲು ಅಪ್ಪಣೆ ಬೇಡಿದವರು ತೆತ್ತ ಕಾಣಿಕೆಯಿಂದ ಈ ಗೋಪುರ ಎದ್ದಿತೆಂದು ಪರಂಪರೆ ಹೇಳುತ್ತದೆ. 15ನೆಯ ಶತಮಾನದ ಕೊನೆಯಲ್ಲಿ ಅದರ ಕೆಲಸ ಮೊದಲಾಯಿತು.

ಎಣ್ಣೆ, ಬೆಣ್ಣೆ, ಕೊಬ್ಬುಗಳ ಈ ಭೇದ ಫ್ರಾನ್ಸಿನ ಅಡಿಗೆಯನ್ನೆಲ್ಲ ವಿಭಾಗಿಸಿದೆ. 20ನೆಯ ಶತಮಾನದ ನಾಲ್ಕನೆಯ ದಶಕದಲ್ಲಿ ಲೂಸಿಯಾಂ ಫೆವ್ರ್ ಎಂಬ ಹೆಸರಾಂತ ಚರಿತ್ರಕಾರ, ಯಾವ ಪ್ರಾಂತ್ಯದವರು ಯಾವ ಜಿಡ್ಡಿನಲ್ಲಿ ಅಡಿಗೆ ಮಾಡುತ್ತಾರೆಂಬುದನ್ನು ವಿಚಾರಿಸಿ ನಕ್ಷೆಗೆ ತರಲು ಯತ್ನಿಸಿದ. ಅರಸರ ಯುದ್ಧಗಳಷ್ಟೇ ಅಡಿಗೆಮನೆಯ ಜಾಡಿಯೂ ಚರಿತ್ರೆಗೆ ವಿಷಯವೆಂದು ಆತ ಬಗೆದುದು ಮೆಚ್ಚತಕ್ಕ ವಿಚಾರ. ಕಜ್ಜಾಯಗಳೂ ಈ ನಕ್ಷೆಯನ್ನೇ ಅನುಸರಿಸುತ್ತವೆ. ಪ್ರಾಂತ್ಯ ಬದಲಾದಂತೆ ಹೆಸರು ಬದಲಾಗುತ್ತದೆ. ನೈರುತ್ಯದ ಬೋರ್ದೋ ಕಡೆಯಲ್ಲಿ ಅದು ‘ಮೆರ್ವೇಯ್’, ಎಂದರೆ ವಿಸ್ಮಯ. ದಕ್ಷಿಣದ ಲಾಂಗ್‌ದಾಕ್ ಪ್ರಾವಾಂಸ್ ಸೀಮೆಗಳಲ್ಲಿ ‘ಒರೆಯೆತ್’, ಪುಟ್ಟ ಕಿವಿ; ಕಿತ್ತಳೆಯ ಹೂವಿನ ಅರ್ಕದ ಕಂಪು ಇದಕ್ಕೆ ಸೇರುತ್ತದೆ. ಸಮುದ್ರತೀರದ ನೀಸ್ ನಗರದಲ್ಲಿ ‘ಗಾಂಸ್’, ಕಟ್ಟಿದ ಪಟ್ಟಿ. ಪಶ್ಚಿಮದ ನಾಂತ್ ಕಡೆಯಲ್ಲಿ ‘ಬೊತ್ತರೋ’. ಲಿಯಾನ್ ನಗರದಲ್ಲಿ ‘ಬ್ಯೂನ್’. ಇದು ಬೆನ್ಯೆಯ ಒಡಹುಟ್ಟಿದ ಮಾತೇ.

ಲಿಯಾನಿನ ಬ್ಯೂನನ್ನು ಮಾಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಹಿಟ್ಟು, ಮೊಟ್ಟೆ, ಬೆಣ್ಣೆ, ಸ್ವಲ್ಪ ಸಕ್ಕರೆ, ಚಿಟಿಕೆ ಉಪ್ಪು, ಪರಿಮಳಕ್ಕೆ ನಿಂಬೆಯ ಸಿಪ್ಪೆಯ ತುರಿ ಅಥವಾ ಒಂದಿಷ್ಟು ರಮ್ ಮದ್ಯ. ಇವನ್ನು ನಾದಿ ಕೆಲವು ಗಂಟೆ ಹಾಗೆಯೇ ಬಿಡತಕ್ಕದ್ದು. ತರುವಾಯ ತೆಳ್ಳಗೆ ಲಟ್ಟಿಸಿ, ಹಲ್ಲುಳ್ಳ ಗಾಲಿಯಿಂದ ಸರಿಗೆಯಂಚು ಬರುವಂತೆ ವಜ್ರಾಕೃತಿಯ ಬಿಲ್ಲೆಗಳಾಗಿ ಕತ್ತರಿಸಿ, ನಡುವೆ ಒಂದು ಸೀಳು ಕೊಟ್ಟು, ಒಂದು ತುದಿಯನ್ನು ಆ ಸೀಳಿನೊಳಗೆ ತೂರಿಸಿ ಎಳೆಯುತ್ತಾರೆ. ಕರಿದು ತೆಗೆದ ಮೇಲೆ ಸಕ್ಕರೆಯ ಹುಡಿ. ಲಿಯಾನಿನಲ್ಲಿ ತೆಳ್ಳಗೆ ಗರಿಗರಿಯಾದುದೇ ಬ್ಯೂನ್ ಎಂದು ವಾದಿಸುವವರುಂಟು. ದಿಂಬಿನಂತೆ ಮೆತ್ತಗಿರುವುದೇ ಬ್ಯೂನ್ ಎನ್ನುವವರೂ ಉಂಟು. ಈ ವಾದ ತೀರದಿರುವುದೇ ಒಳ್ಳೆಯದು. ತೀರ್ಪು ಕೊಡಬೇಕಾದವರು ಎರಡನ್ನೂ ತಿನ್ನುತ್ತಲೇ ಇರಬಹುದಲ್ಲವೆ?

ಈ ತಿಂಡಿಗಳು ಎಷ್ಟು ಹಳೆಯವು? ಸುಮಾರು 1393ರಲ್ಲಿ ಪ್ಯಾರಿಸಿನ ವಯಸ್ಸಾದ ಗೃಹಸ್ಥನೊಬ್ಬ ತನ್ನ 15 ವರ್ಷದ ಹೆಂಡತಿಗಾಗಿ ಒಂದು ಗೃಹಕೃತ್ಯದ ಗ್ರಂಥವನ್ನು ಬರೆದ. ದೇವರ ಭಕ್ತಿ, ತೋಟದ ಕೆಲಸ, ಹಾಸಿಗೆಯ ಚಿಗಟಗಳ ನಿವಾರಣೆ, ಅಡಿಗೆ—ಎಲ್ಲವೂ ಅದರಲ್ಲಿದೆ. ಗ್ರಂಥಕರ್ತನ ಹೆಸರು ಉಳಿದಿಲ್ಲ; ಗ್ರಂಥ 1846ರಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಭಕ್ಷ್ಯದ ವಿಧಾನ ಹೀಗಿದೆ: ಹಿಟ್ಟು, ಮೊಟ್ಟೆ, ಉಪ್ಪು, ದ್ರಾಕ್ಷಾರಸಗಳನ್ನು ಬಹಳ ಹೊತ್ತು ಕಡೆದು, ಕಿರುಬೆರಳಿನಷ್ಟು ತೂತುಳ್ಳ ಬಟ್ಟಲಿಗೆ ಹಾಕಿ, ಕಾದ ಜಿಡ್ಡಿನ ನಡುವಿನಿಂದ ಮೊದಲುಮಾಡಿ ಸುತ್ತಸುತ್ತಲೂ ಧಾರೆಯಾಗಿ ಬಿಡಬೇಕು, ಮೇಲೆ ಸಕ್ಕರೆಯ ಪುಡಿ ಉದುರಿಸಬೇಕು. ಇದನ್ನು ಓದಿದಾಗ ಜಿಲೇಬಿ ಮಾಡುವವರ ಕೈ ನಮ್ಮ ಕಣ್ಣಿಗೆ ಕಟ್ಟಿತು. ಒಬ್ಬರಿಂದೊಬ್ಬರು ಕಲಿತರೆಂದು ನಾವು ಹೇಳುತ್ತಿಲ್ಲ. ಬೆಂಕಿ, ಬಾಣಲೆ, ತೂತಿನ ಬಟ್ಟಲು ಇವು ಸೇರಿದ ಕಡೆ ಮನುಷ್ಯರ ಕೈ ತಾನಾಗಿ ಸುತ್ತಿದರೆ ಆಶ್ಚರ್ಯವೇನು?

ಇನ್ನು ಊದುವಿಕೆಯ ರಹಸ್ಯ. ಇದನ್ನು ತಿಳಿಯಲು ಬೆನ್ಯೆಗಳಲ್ಲೆಲ್ಲ ಹಗುರವಾದುದನ್ನು ನೋಡಬೇಕು. ನೀರು, ಬೆಣ್ಣೆ, ಹಿಟ್ಟುಗಳನ್ನು ಮೊದಲು ಒಲೆಯ ಮೇಲೆ ಮುದ್ದೆಯಾಗಿ ಬೇಯಿಸಿ, ಆಮೇಲೆ ಒಂದೊಂದಾಗಿ ಮೊಟ್ಟೆಗಳನ್ನು ಸೇರಿಸಿ, ಚಮಚದಿಂದ ಎಣ್ಣೆಗೆ ಬಿಡುತ್ತಾರೆ. ಇದರ ಹಳೆಯ ಹೆಸರನ್ನು ಸಭೆಯಲ್ಲಿ ಉಚ್ಚರಿಸಲು ಸಂಕೋಚವಾಗುತ್ತದೆ. ಸನ್ಯಾಸಿನಿಯೊಬ್ಬಳ ಹೊಟ್ಟೆಯ ವಾಯುವಿಗೆ ಅದು ಸಂಬಂಧಪಟ್ಟದ್ದು. ಮರ್ಯಾದಸ್ಥರು ಅದನ್ನೇ ತಿದ್ದಿ ‘ಸನ್ಯಾಸಿನಿಯ ನಿಟ್ಟುಸಿರು’ ಎಂದು ಕರೆದರು. ಮಠದ ಅಡಿಗೆಮನೆಯಲ್ಲಿ ಎಳೆಯ ಸನ್ಯಾಸಿನಿಯ ಕೈಯಿಂದ ಹಿಟ್ಟು ಜಾರಿ ಕಾದ ಜಿಡ್ಡಿಗೆ ಬಿದ್ದಿತೆಂಬ ಕಥೆಯೂ ಉಂಟು. ಅದು ಕಥೆ ಮಾತ್ರ. ಆದರೆ ಹಿಟ್ಟಿನ ಸ್ವಭಾವಕ್ಕೆ ಚೆನ್ನಾಗಿ ಒಪ್ಪುತ್ತದೆ.

ಎಣ್ಣೆ ಸುಮಾರು 170ರಿಂದ 180 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದಿರುತ್ತದೆ. ನೀರು 100 ಡಿಗ್ರಿಯಲ್ಲಿಯೇ ಆವಿಯಾಗುವುದು. ಆವಿಯಾದಾಗ 1,600 ಪಟ್ಟಿಗೂ ಮಿಕ್ಕಿ ಹಿಗ್ಗುವುದು. ಮೇಲಿನ ಪದರ ಗಟ್ಟಿಯಾಗುವ ಹೊತ್ತಿಗೆ ಒಳಗಿನ ಆವಿ ಹಿಟ್ಟನ್ನು ಗುಳ್ಳೆಯಂತೆ ಉಬ್ಬಿಸುತ್ತದೆ. ಹಗುರವಾದ ಭಾಗ ಮೇಲಾಗಿ, ಉಂಡೆ ತಾನಾಗಿಯೇ ಮಗುಚಿಕೊಳ್ಳುತ್ತದೆ. ಹೊರಕ್ಕೆ ನುಗ್ಗುವ ಆವಿ ಎಣ್ಣೆಯನ್ನು ಒಳಕ್ಕೆ ಬಿಡುವುದಿಲ್ಲ. ಎಣ್ಣೆ ತಣ್ಣಗಿದ್ದರೆ ಆವಿಯ ಕಾವಲು ದುರ್ಬಲ; ತಿಂಡಿ ಜಿಡ್ಡಾಗುತ್ತದೆ. ಹೊರತೆಗೆದ ಮೇಲೂ ಎಚ್ಚರ ಬೇಕು: ಆರುತ್ತಿರುವಾಗ ಒಳಗಿನ ಆವಿ ಕುಗ್ಗಿ, ಮೈಗಂಟಿದ ಎಣ್ಣೆಯನ್ನು ಒಳಕ್ಕೆ ಸೆಳೆಯುತ್ತದೆ. ಆದುದರಿಂದಲೇ ಕೂಡಲೆ ಜಿಡ್ಡನ್ನು ಬಸಿಯುವ ಪದ್ಧತಿ. ನಾವೂ ಒಮ್ಮೆ ಮನೆಯಲ್ಲಿ ಸೇಬಿನ ಬೆನ್ಯೆಗೆ ಕೈಹಾಕಿದೆವು. ಎಣ್ಣೆ ಕಾಯುವವರೆಗೆ ತಾಳ್ಮೆಯಿರಲಿಲ್ಲ. ಬಂದುದು ಭಕ್ಷ್ಯವಲ್ಲ, ಎಣ್ಣೆಯಲ್ಲಿ ನೆನೆದ ಸ್ಪಂಜು. ಮನೆಯವರು ಏನೂ ಹೇಳಲಿಲ್ಲ. ಅದೇ ದೊಡ್ಡ ಟೀಕೆಯಾಯಿತು. ಎರಡನೆಯ ಸಲ ಹಿಟ್ಟನ್ನು ಒಂದು ಗಂಟೆ ಬಿಟ್ಟು, ಮೊಟ್ಟೆಯ ಬಿಳಿಯನ್ನು ನೊರೆಯಾಗುವಂತೆ ಕಡೆದು ಕೊನೆಯಲ್ಲಿ ಸೇರಿಸಿ, ಎಣ್ಣೆಯನ್ನು ಸರಿಯಾಗಿ ಕಾಯಿಸಿದಾಗ ತಟ್ಟೆ ಬೇಗನೆ ಖಾಲಿಯಾಯಿತು.

ಹಳ್ಳಿಯ ಬಾಣಲೆಯಿಂದ ಈ ತಿಂಡಿ ದೊಡ್ಡ ಅಡಿಗೆಮನೆಗಳನ್ನು ಸೇರದೆ ಹೋಗಲಿಲ್ಲ. 1784ರಿಂದ 1833ರವರೆಗೆ ಬಾಳಿದ ಆಂತೊನಾಂ ಕಾರೆಂ ರಾಜರಿಗೂ ರಾಯಭಾರಿಗಳಿಗೂ ಅಡಿಗೆ ಮಾಡಿ ಹೆಸರಾದವನು. ವ್ರತಕಾಲದ ಹೆಸರೇ ಆತನ ಮನೆತನದ ಹೆಸರು. ಫ್ರಾನ್ಸಿನಲ್ಲಿ ಅತಿ ವೈಭವದ ಭೋಜನಗಳನ್ನು ಮಾಡಿದವನ ಹೆಸರು ‘ಉಪವಾಸ’! ಆತನ ತರುವಾಯ ಬಂದ ಎಸ್ಕೋಫಿಯೇ 1903ರಲ್ಲಿ ಪ್ರಕಟಿಸಿದ ಮಹಾ ಪಾಕಗ್ರಂಥದಲ್ಲಿ, ಅಸಂಖ್ಯವಾದ ಬೆನ್ಯೆಗಳನ್ನೆಲ್ಲ ಐದು ವರ್ಗಗಳಲ್ಲಿ ಅಡಕಮಾಡಿದ. ವರ್ಗೀಕರಣ ಶಾಸ್ತ್ರಕ್ಕೆ ಭೂಷಣವೇ. ಆದರೆ ಹೋಟೆಲಿನಲ್ಲಿ ದಿನವಿಲ್ಲ, ತಿಥಿಯಿಲ್ಲ. ಕೇಳಿದವರಿಗೆ ಕೇಳಿದಾಗ ಕೊಡಬೇಕು. ಅಲ್ಲಿಗೆ ಬಂದೊಡನೆ ಕಜ್ಜಾಯ ಮಂಗಳವಾರದಿಂದ ಬಿಡುಗಡೆ ಪಡೆಯಿತು.

ಕಾಲವನ್ನು ಬಿಡದ ಬೆನ್ಯೆಯೂ ಒಂದುಂಟು. 17ನೆಯ ಶತಮಾನದ ಮೊದಲಲ್ಲಿ ಜ್ಯಾಂ ರೊಬಾಂ ಎಂಬ ರಾಜೋದ್ಯಾನದ ಸಸ್ಯಜ್ಞನು ಅಮೆರಿಕದ ಒಂದು ಮರವನ್ನು ಪ್ಯಾರಿಸಿನಲ್ಲಿ ಬೆಳೆಸಿದ. ಆತನ ಗೌರವಾರ್ಥವಾಗಿ ಅದಕ್ಕೆ ‘ರಾಬಿನಿಯ’ ಎಂಬ ಶಾಸ್ತ್ರೀಯ ನಾಮ ಬಂದಿತು. ಜನ ಅಕೇಶಿಯ ಎನ್ನುತ್ತಾರೆ. ಮೇ ತಿಂಗಳಿನ ಸುಮಾರಿಗೆ ಅದರಲ್ಲಿ ಬಿಳಿಯ ಹೂಗೊಂಚಲುಗಳು ತೂಗುತ್ತವೆ. ಮರದ ತೊಗಟೆ, ಎಲೆ, ಬೀಜಗಳು ವಿಷ. ಹೂವು ಮಾತ್ರ ತಿನ್ನತಕ್ಕದ್ದು. ಗೊಂಚಲನ್ನು ತೊಟ್ಟು ಹಿಡಿದು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಹೂವಿರುವುದು ಕೆಲವೇ ದಿನ. ಅಷ್ಟು ದಿನವೇ ಭಕ್ಷ್ಯ. ಇಲ್ಲಿ ಕಾಲವನ್ನು ಗೊತ್ತುಮಾಡುವುದು ಧರ್ಮಶಾಸ್ತ್ರವಲ್ಲ, ಮರ.

ಸಮುದ್ರದಾಚೆಗೂ ಬೆನ್ಯೆ ಹೋಗಿದೆ. ಫ್ರೆಂಚರು 1718ರಲ್ಲಿ ಸ್ಥಾಪಿಸಿದ ನ್ಯೂ ಆರ್ಲಿಯನ್ಸ್ ನಗರ ಈಗ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದುದು. ಅಲ್ಲಿಯ ಹಳೆಯ ಮಾರುಕಟ್ಟೆಯಲ್ಲಿ 1862ರಲ್ಲಿ ಮೊದಲಾದ ‘ಕಫೆ ದ್ಯು ಮೋಂದ್’ ಎಂಬ ಕಾಫಿಯಂಗಡಿಯಲ್ಲಿ ಚೌಕಾಕಾರದ ಬೆನ್ಯೆಗಳು ಹಿಮದಂತಹ ಸಕ್ಕರೆಯಡಿಯಲ್ಲಿ ಬರುತ್ತವೆ. ಜತೆಗೆ ಚಿಕೋರಿ ಬೆರೆತ ಕಾಫಿ. ನೆಪೋಲಿಯನ್ನನು 1806ರಲ್ಲಿ ಇಂಗ್ಲಿಷರ ವ್ಯಾಪಾರವನ್ನು ತಡೆದಾಗ ಕಾಫಿಗೆ ಬರ ಬಂದು, ಫ್ರಾನ್ಸಿನಲ್ಲಿ ಚಿಕೋರಿಯ ಬಳಕೆ ಹೆಚ್ಚಿತು. ನಮ್ಮ ಮೈಸೂರು ಸೀಮೆಯ ಮನೆಗಳ ಕಾಫಿಪುಡಿಯಲ್ಲಿಯೂ ಚಿಕೋರಿಯಿರುವುದನ್ನು ನೆನೆದರೆ, ಆ ಅಂಗಡಿಯ ಲೋಟ ನಮಗೆ ಪೂರ್ತಿ ಅಪರಿಚಿತವಾಗಲಾರದು. 1986ರಲ್ಲಿ ಲೂಯಿಸಿಯಾನ ಸಂಸ್ಥಾನದವರು ಬೆನ್ಯೆಗೆ ಸರ್ಕಾರದ ಮನ್ನಣೆಯನ್ನೂ ಕೊಟ್ಟರು. ಅಲ್ಲಿ ಅದು ನಿತ್ಯದ ತಿಂಡಿ.

ಈಗ ನಮ್ಮ ಪ್ರಶ್ನೆಗೆ ಹಿಂದಿರುಗೋಣ. ವ್ರತದ ಬಿಗಿ ಶತಮಾನಗಳಲ್ಲಿ ಸಡಿಲವಾಗುತ್ತ ಬಂದಿತು. 1917ರ ಧರ್ಮಸಂಹಿತೆಯ ಪ್ರಕಾರ ಮೊಟ್ಟೆಗೂ ಬೆಣ್ಣೆಗೂ ನಿಷೇಧವಿರಲಿಲ್ಲ. 1966ರಲ್ಲಿ ಪೋಪ್ 6ನೆಯ ಪಾಲ್ ಹೊರಡಿಸಿದ ಶಾಸನದಿಂದ ವರ್ಷದಲ್ಲಿ ಎರಡು ದಿನ ಮಾತ್ರ ಉಪವಾಸ ಕಡ್ಡಾಯವಾಗಿ ಉಳಿಯಿತು. ಆದರೂ ಜಿಡ್ಡಿನ ಮಂಗಳವಾರ ನಿಂತಿಲ್ಲ. ಲಿಯಾನಿನ ಮಿಠಾಯಿಯಂಗಡಿಗಳಲ್ಲಿ ಚಳಿಗಾಲದ ವಾರಗಳುದ್ದಕ್ಕೂ ಬ್ಯೂನುಗಳ ರಾಶಿ ಕಾಣುತ್ತದೆ. ನಾಳೆಯ ವ್ರತ ಹೋಯಿತು, ಇಂದಿನ ಹಬ್ಬ ಉಳಿಯಿತು. ಮನೆ ಬಿದ್ದುಹೋಗಿ ಹೊಸಿಲು ಮಾತ್ರ ನಿಂತಂತೆ.

ಹಳೆಯ ವ್ರತವನ್ನು ನಾವು ಹೊಗಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ಚಳಿಗಾಲ ಮುಗಿಯುವ ಹೊತ್ತಿಗೆ ಬಡವನ ಕಣಜ ಹೇಗೂ ಬರಿದಾಗುತ್ತಿತ್ತು. ಅವನ ಉಪವಾಸಕ್ಕೆ ಧರ್ಮಗುರುಗಳ ಅಪ್ಪಣೆ ಬೇಕಾಗಿರಲಿಲ್ಲ. ಹಣವುಳ್ಳವರು ಅಪ್ಪಣೆಯನ್ನು ಕೊಂಡು ಬೆಣ್ಣೆ ತಿಂದರು. ಆ ನಿರ್ಬಂಧ ಹೋದುದಕ್ಕೆ ಅಳಬೇಕಾಗಿಲ್ಲ. ಆದರೆ ಅದರೊಡನೆ ಹೋದ ಇನ್ನೊಂದನ್ನು ಗಮನಿಸಬೇಕು. ದೊಡ್ಡ ಬಾಣಲೆಯನ್ನು ಕಾಯಿಸಿದ ಮೇಲೆ ನಾಲ್ಕೈದನ್ನು ಕರಿದು ಇಳಿಸುವುದರಲ್ಲಿ ಅರ್ಥವಿಲ್ಲ, ರಾಶಿಯೇ ಆಗಬೇಕು. ಮರುದಿನಕ್ಕೆ ಅವು ಮೆತ್ತಗಾಗುತ್ತವೆ. ಮರುದಿನ ತಿನ್ನುವಂತೆಯೂ ಇಲ್ಲ. ಇಂಥ ರಾಶಿಯನ್ನು ಒಂದು ಮನೆಯವರು ಮುಗಿಸಲಾರರು. ಬಾಗಿಲು ತೆರೆಯಲೇಬೇಕು, ನೆರೆಯವರಿಗೆ ಕೊಡಲೇಬೇಕು. ನಾಳೆ ಇಲ್ಲವೆಂಬ ಕಾರಣದಿಂದಲೇ ಇಂದು ಎಲ್ಲರಿಗೂ ಸಾಕಾಗುವಷ್ಟಿತ್ತು. ಪ್ರತಿದಿನವೂ ದೊರೆಯತಕ್ಕ ತಿಂಡಿಯನ್ನು ಅವರವರೇ ಕೊಂಡು ಅವರವರೇ ತಿನ್ನಬಹುದು. ನೆರೆಮನೆಯ ಕದ ತಟ್ಟಬೇಕಾದ ಪ್ರಮೇಯವಿಲ್ಲ.

ಆದುದರಿಂದ ನಮ್ಮ ಪ್ರಶ್ನೆಗೆ ನಮ್ಮ ಉತ್ತರವಿದು: ಗರಿಯೂ ಹಗುರತನವೂ ಬಾಣಲೆಯಲ್ಲಿವೆ; ಅದನ್ನು ಪ್ಯಾರಿಸಿನಲ್ಲಾಗಲಿ ನ್ಯೂ ಆರ್ಲಿಯನ್ಸಿನಲ್ಲಾಗಲಿ ಯಾವ ದಿನ ಬೇಕಾದರೂ ಪಡೆಯಬಹುದು. ಮಿಕ್ಕ ರುಚಿ ದಿನದಲ್ಲಿದೆ, ಆ ದಿನ ಕೂಡಿ ಕುಳಿತವರಲ್ಲಿದೆ. ಫ್ರಾನ್ಸಿನ ಎಷ್ಟೋ ಮನೆಗಳಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಅಜ್ಜಿ ಹಿಟ್ಟನ್ನು ಲಟ್ಟಿಸುತ್ತಾಳೆ, ಮಕ್ಕಳು ಸೀಳಿನೊಳಗೆ ತುದಿಯನ್ನು ತೂರಿಸುತ್ತಾರೆ. ವ್ರತವನ್ನು ಆಚರಿಸದವರೂ ಆ ಮಂಗಳವಾರವನ್ನು ಬಿಟ್ಟಿಲ್ಲ. ಅಷ್ಟು ದಿನ ಕಾದು, ಆ ದಿನ ಹಂಚಿ ತಿನ್ನುವವರ ತಟ್ಟೆಯಲ್ಲಿ ಕಜ್ಜಾಯದ ಪೂರ್ತಿ ರುಚಿ ಇನ್ನೂ ಇದೆಯೆಂದು ನಾವು ನಂಬುತ್ತೇವೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಶ್ರೋತೃಗಳಲ್ಲಿ ಯಾರಿಗಾದರೂ ಹಸಿವಾಗಿದ್ದರೆ ಕ್ಷಮೆ ಬೇಡುತ್ತೇವೆ. ಅಡಿಗೆಮನೆಗೆ ಹೋಗುವವರು ಎಣ್ಣೆಯನ್ನು ಮಾತ್ರ ಸರಿಯಾಗಿ ಕಾಯಿಸಬೇಕೆಂದೂ, ಮಾಡಿದುದರಲ್ಲಿ ಒಂದು ಪಾಲನ್ನು ನೆರೆಮನೆಗೆ ಕಳುಹಿಸಬೇಕೆಂದೂ ಬಿನ್ನವಿಸಿ ಮುಗಿಸುತ್ತೇವೆ.